ಮೂರು ಇಂಚು

ಹೊರಗೆ ಹದಿನೆಂಟು ಇಂಚು. ಒಳಗೆ ಹದಿನೈದು.
ಎರಡು ಸಲ ಅಳೆದೆ.
ಬೀಟೆಯ ಬೀರು ಸುಳ್ಳು ಹೇಳುತ್ತಿದೆ
ವಿರಾಜಪೇಟೆಯ ನನ್ನ ಅಂಗಡಿಯಲ್ಲಿ, ಹಾಡಹಗಲು.

ಉಪ್ಪುಕಾಗದ ಹಿಡಿದ ಬೆರಳಿಗೆ
ಕೆತ್ತನೆಯ ಒಂದು ಎಸಳು ಸಡಿಲ. ಒತ್ತಿದೆ.
ಟಕ್.

ಚಿನ್ನವಿಲ್ಲ. ಪೀಚೆಕತ್ತಿಯಿಲ್ಲ. ಯಾರ ಕಾಗದವೂ ಇಲ್ಲ.
ಸುಕ್ಕಿದ ಒಂದು ಕಾಳುಮೆಣಸು,
ಹಲಗೆಯ ಮೇಲೆ ಪೆನ್ಸಿಲಿನ ಮಲಯಾಳಂ:
ಅಜ್ಜನ ಕೊಕ್ಕೆ ಅಕ್ಷರ. ಕೂಡಿಸಿ ಕೂಡಿಸಿ ಓದಿದೆ.
"ಬೊಳ್ಳವ್ವ ಹೇಳಿದಂತೆ ಮಾಡಿದೆ.
ಯಜಮಾನರಿಗೆ ಗೊತ್ತಿಲ್ಲ. ಹಾಗಾಗಿ
ಇದರ ಕೂಲಿ ಬಂದಿಲ್ಲ. ಎರಡೂಕಾಲು."

ಸಂಜೆ ಜೀಪಿನಲ್ಲಿ ಬಂದ ಮೊಮ್ಮಗಳು ಚೀಟಿ ನೋಡಿದಳು:
ಕೀಲು, ಪಾಲಿಶು, ಎರಡು ರೂಪಾಯಿ ನಾಲ್ಕಾಣೆ.
"ನಾಲ್ಕಾಣೆಯಾ! ಯಾವುದಕ್ಕೆ?"

"ಒಳಗಿನ ಕೆಲಸಕ್ಕೆ" ಎಂದೆ.
ಎಸಳು ಮಾತ್ರ ತೋರಿಸಲಿಲ್ಲ.