ಪರ

ಟಿಳಕವಾಡಿ ಶಾಲೆಯ ಚರ್ಚಾಸ್ಪರ್ಧೆ. ಚೀಟಿಯಲ್ಲಿ ನನಗೆ ಬಂದದ್ದು ‘ಪರ’:
ಅಣುಬಾಂಬು ಯುದ್ಧ ನಿಲ್ಲಿಸಿತು, ಆದ್ದರಿಂದ ಸರಿ.
ಅಂಕಿಸಂಖ್ಯೆ ಬಾಯಿಪಾಠ ಮಾಡಿ
ಕ್ಯಾಂಪಿನ ಮನೆಯಲ್ಲಿ ಅಜ್ಜನ ಮುಂದೆ ನಿಂತೆ.

ಹವಾಲ್ದಾರ ಪರಸಪ್ಪ ಹುದಲಿ. ಆ ಆಗಸ್ಟಿನಲ್ಲಿ
ಮದ್ರಾಸು ಬಂದರಿನಲ್ಲಿ ಹಡಗು ಏರಲು ಕಾದಿದ್ದವನು.
ಸುದ್ದಿ ಬಂತು. ಬೆಲ್ಲ ಹಂಚಿದರು.
ಬೂಟಿನ ಮೊಳೆ ಕಿತ್ತುಬರುವ ಹಾಗೆ ಕುಣಿದ.
ಆ ಊರಿನ ಹೆಸರು ಅವನ ನಾಲಿಗೆಯಲ್ಲಿ ನೆಟ್ಟಗೆ ಹೊರಳಿದ್ದು
ಎಷ್ಟೋ ವರ್ಷದ ಮೇಲೆ.

“ಸರಿಯೋ ತಪ್ಪೋ ಹೇಳಜ್ಜ.”
“ನನ್ನ ಕೇಳಬ್ಯಾಡವಾ. ಉಂಡಾವನ ಸಾಕ್ಷಿ ನಡಿಯೂದಿಲ್ಲ.
ನಾ ಉಳದೆ, ನಿಮ್ಮಪ್ಪ ಹುಟ್ಟಿದ, ನೀ ಹುಟ್ಟಿದಿ.
ಆ ಪಂಕ್ತಿಯೊಳಗ ನೀನೂ ಕುಂತೀದಿ.”

ಮರುದಿನ ಗೆದ್ದೆ. ಬಹುಮಾನ, ಒಂದು ಸ್ಟೀಲಿನ ಡಬ್ಬಿ.
ಅಜ್ಜ ಮುಚ್ಚಳ ತೆಗೆದು ಒಳಗೆ ನೋಡಿದ.
“ಸೋತಾಕಿ ಏನಂದ್ಲು?”

ಸುನಂದಾ ಉಪಾಧ್ಯೆ. ಕಾಗದವಿಲ್ಲದೆ ಬಂದಿದ್ದಳು.
‘ಅಲ್ಲಿಯೂ ಬೆಳಗಾಗಿತ್ತು,
ಯಾರೋ ಮಗಳಿಗೆ ಹೆರಳು ಹಾಕುತ್ತ’ ಅನ್ನುವಷ್ಟರಲ್ಲಿ
ಮೂರು ನಿಮಿಷದ ಗಂಟೆ ಹೊಡೆಯಿತು.

“ಮುಂದ?”
ಗೊತ್ತಿಲ್ಲ ಅಜ್ಜ.

“ಹೋಗಿ ಕೇಳ್ಕೊಂಡ ಬಾ” ಅಂದ,
ಕಾಲಲ್ಲಿ ಚಪ್ಪಲಿ ತಡಕುತ್ತ,
ತಾನೇ ಹೊರಟವನ ಹಾಗೆ.