ತಂಗಳು

ಗ್ರೇಂಜ್‌ಮೌತ್, ರಾತ್ರಿ ಪಾಳಿ.
ಸೂಕ್ಷ್ಮದರ್ಶಕದಡಿ ಗೆರೆ ಕೊರೆದ ಗಾಜು;
ಚೌಕ ಚೌಕದಲ್ಲೂ ಎಷ್ಟು ಜೀವ ಎಂದು
ಎಣಿಸುವುದು ನನ್ನ ಕೆಲಸ.
ಹದಿನೇಳು. ಇಪ್ಪತ್ತೆರಡು. ಇಲ್ಲೊಂದು
ಬೆನ್ನ ಮೇಲೆ ಮೊಗ್ಗು ಹೊತ್ತು ನಿಂತಿದೆ,
ಒಂದೆನ್ನಲೋ, ಎರಡೆನ್ನಲೋ?
ಮೊಗ್ಗು ತಾಯಿಯ ಅರ್ಧಕ್ಕಿಂತ ದೊಡ್ಡದಾದರೆ ಎರಡು.
ಅದು ನಿಯಮ.

ಗೋಡೆಯಾಚೆ ಮೂರಂತಸ್ತಿನ ಹಂಡೆ.
ಅದರ ಹೊಟ್ಟೆಗೆ ಡೀಸೆಲ್ಲಿನಿಂದ ಹಿಂಡಿದ ಮೇಣ,
ಅಮೋನಿಯಾ, ನೀರು, ಗಾಳಿ,
ಒಂದು ಹಿಡಿ ಹೆಪ್ಪು.
ಒಣಗಿಸಿದರೆ ಕೆನೆಬಣ್ಣದ ಹಿಟ್ಟು.

"ರುಚಿ ಹೇಗೆ?" ಕ್ಯಾಂಟೀನಿನ ಎಲ್‌ಸ್ಪೆತ್ ಕೇಳಿದಳು.
"ಏನೂ ಇಲ್ಲ. ಆ ಏನೂ ಇಲ್ಲಕ್ಕೇ
ಆರು ವರ್ಷ ಹಿಡಿಯಿತು" ಎಂದ ಬುಕನನ್, ಹೆಮ್ಮೆಯಿಂದ.
ಅವಳು ಸೆರಗಿಲ್ಲದ ಏಪ್ರನ್ನಿನಲ್ಲಿ ಬಾಯಿ ಒರೆಸಿಕೊಂಡಳು.
ಇನ್ನೂ ತಿಂದೇ ಇರಲಿಲ್ಲ.

ನನಗೆ ಹೊಳೆದ ಮಾತು ಅವರ ಭಾಷೆಯಲ್ಲಿರಲಿಲ್ಲ:
ತಂಗಳು.
ಎಂದೋ ಒಂದು ಕಡಲು ಬಿಸಿಲುಂಡು,
ಮಿಕ್ಕದ್ದನ್ನು ಮುಚ್ಚಿಟ್ಟು ಮಲಗಿತು.
ಮೇಲೆ ಕೆಸರು, ಕೆಸರ ಮೇಲೆ ಕಲ್ಲು.
ಕೋಟಿ ಕೋಟಿ ಇರುಳು ಕಳೆದ ಆ ಪಾತ್ರೆಯ ಮುಚ್ಚಳ
ನಾವು ತೆಗೆದೆವು, ಮೂಗು ಮುಚ್ಚಿಕೊಂಡೆವು.
ಮೊಗ್ಗು ಹೊತ್ತ ಈ ಪುಟಾಣಿಗೆ
ಹಳಸಿದ್ದು ಎಂಬುದಿಲ್ಲ, ಎಂಜಲು ಎಂಬುದಿಲ್ಲ.
ಉಂಡಿತು.

ಮನುಷ್ಯರಿಗೆ ಬಡಿಸಲು ಕಂಪನಿ ಅಂಜಿತು.
ಕರುವಿಗೆ, ಹಂದಿಗೆ, ಕೋಳಿಗೆ ಎಂದು ಚೀಲದ ಮೇಲೆ ಅಚ್ಚು.
ಟ್ಯಾಮ್ ಗಿಲೆಸ್ಪಿಯ ಹಿತ್ತಲ ಆರು ಹೇಟೆಗಳಿಗೆ
ಚೀಲದ ತಳದ ಧೂಳು ಬಿದ್ದದ್ದು ಯಾರಿಗೂ ತಿಳಿಯದು;
ನನಗೆ ತಿಳಿಯಿತು. ಅವನು ಕೊಟ್ಟ ಮೊಟ್ಟೆಯೊಳಗಿನ ಹಳದಿ
ಹಳದಿಯೇ ಅಲ್ಲ, ಇಲ್ಲಿಯ ಮಾಘದ ಸೂರ್ಯನ ಹಾಗೆ
ಬಿಳಿಚಿಕೊಂಡಿತ್ತು.
ಬೇಯಿಸಿದೆ. ಮೆಣಸಿನಪುಡಿ ಹಾಕಿ ತಿಂದೆ.
ಆ ರಾತ್ರಿ ಕಿಟಕಿಯಾಚೆ ತೈಲಾಗಾರದ ಜ್ವಾಲೆ
ಉರಿಯುತ್ತಲೇ ಇತ್ತು,
ಯಾರೋ ಒಲೆ ಆರಿಸಲು ಮರೆತು ಊರಿಗೆ ಹೋದಂತೆ.

ಆಮೇಲೆ ಒಂದೇ ಚಳಿಗಾಲದಲ್ಲಿ
ಎಣ್ಣೆಯ ಬೆಲೆ ನಾಲ್ಕು ಪಟ್ಟು.
ಸೋಯಾ ಅಗ್ಗ, ಹುಲ್ಲು ಇನ್ನೂ ಅಗ್ಗ.
ಬಿಸಿಯನ್ನಕ್ಕಿಂತ ತಂಗಳು ತುಟ್ಟಿ ಎಂದರೆ
ಯಾವ ಮನೆಯಾಕೆ ಒಪ್ಪುತ್ತಾಳೆ?
ಹಂಡೆಗೆ ಉಗಿ ಬಿಟ್ಟರು.
ಟ್ಯಾಮ್ ಕೋಳಿಗಳಿಗೆ ಜೋಳ ಕೊಂಡು ತಂದ.

ಕೊನೆಯ ಗಾಜನ್ನು ಯಾರೂ ಕೇಳಿರಲಿಲ್ಲ. ನೋಡಿದೆ.
ಸತ್ತದ್ದು ಬಣ್ಣ ಕುಡಿಯುತ್ತದೆ: ಚೌಕದ ತುಂಬ ನೀಲಿ, ನೀಲಿ.
ಮೂಲೆಯಲ್ಲೊಂದು, ಬೆಳ್ಳಗೆ,
ಬೆನ್ನ ಮೇಲೆ ಕಾಣಿಸಿಯೂ ಕಾಣದಷ್ಟು ಮೊಗ್ಗು.
ಎರಡು ಎಂದು ಬರೆದೆ.