ಬೋರ್ಡು

ಚಿಟಗುಪ್ಪಾದ ಕರೆಂಟ್ ಆಫೀಸಿನ ಹೆಸರು
ನಮ್ಮ ಮನಿತನದ ಕೈಯಾಗ ಮೂರು ಸಲ ಬದಲಾಗ್ಯದ.

ಮೊದಲ ಬರದಾಂವ ನಮ್ಮ ಅಬ್ಬಾ.
ನಿಜಾಮರ ಕಾಲದ ಕಡೀ ವರ್ಷ, ಉರ್ದುದಾಗ: ಬರ್ಕಿ.
ಇಡೀ ಊರಿಗೆ ಹನ್ನೊಂದು ದೀಪ,
ಅದರಾಗ ನಾಲ್ಕು ತಹಶೀಲದಾರರ ಮನಿಗೇ.
ಸಂಜಿಗೆ ಎಂಜಿನ್ ಶುರುವಾದರ
ಕೆರಿ ದಂಡಿ ಕೊಕ್ಕರಿ ಎದ್ದು ಹೋಗತಿದ್ದವಂತ.
'ಬೇ' ಅಕ್ಷರದ ಕೆಳಗ ನುಕ್ತಾ ಇಡೂ ಮುಂದ
ಅಬ್ಬಾ ಉಸಿರು ಬಿಗಿ ಹಿಡೀತಿದ್ದ.

ಆಮ್ಯಾಲ ಕನ್ನಡ ಬಂತು, ಮಂಡಳಿ ಬಂತು.
ನನಗಾಗ ಹದಿನಾರು. ಬ್ರಶ್ ಬರತಿತ್ತು, ಒತ್ತಕ್ಷರ ಬರತಿದ್ದಿಲ್ಲ.
ವಿದ್ಯುಚ್ಛಕ್ತಿಯ 'ಚ್ಛ' ಮೂರು ಸಲ ಅಳಿಸಿದೆ.
ಗುಂಡೇರಾವ್ ಓವರ್‌ಸೀಯರ್ ಸೈಕಲ್ ಮ್ಯಾಲಿಂದ ಕಾಲೂರಿ
"ಚಾಂದಪಾಷಾ, ಹೊಟ್ಟಿ ಸಣ್ಣದಾತು ನೋಡು" ಅಂದ.
ಊರ ಮಂದಿ ಅಷ್ಟುದ್ದ ಓದಲೇ ಇಲ್ಲ.
ಕೇಬಿ ಅಂದರು, ಮುಗೀತು.

ಕಂಬಕ್ಕೊಂದು ಬುರುಡಿ ಬರದೆ,
ಕೆಂಪು ಬಣ್ಣ, ಎರಡು ಎಲುಬು, ಅಪಾಯ, ಖತ್ರಾ.
ಹಲ್ಲು ಬಿಡಿಸೂ ಮುಂದ ಎದುರಿಗಿದ್ದಾಂವ
ಲೈನ್‌ಮನ್ ಭೀಮಶಾ. ಅವಗ ಮುಂದಿನ ಹಲ್ಲೊಂದು ಇದ್ದಿಲ್ಲ.
ಇವತ್ತಿಗೂ ಹುಮನಾಬಾದ್ ರಸ್ತಾದಾಗ
ಇನ್ನೂರು ಬುರುಡಿಗೆ ಒಂದೊಂದು ಹಲ್ಲು ಕಡಿಮಿ.

ಮಂಡಳಿ ಒಡದು ಕಂಪನಿ ಆದಾಗ
ಹಳದಿ ಬಳದು ನೀಲಿ ಅಕ್ಷರ ಬರದೆ.
"ಸರ್ಕಾರದ್ದೇನ್ರಿ ಇದು, ಯಾರರೆ ಶೇಟಂದಾ?"
"ಸರ್ಕಾರದ್ದೇ ಅದ, ಹೆಸರಿಗಷ್ಟ ಕಂಪನಿ."
ಬರದ ಕೂಲಿ ಎಂಟು ತಿಂಗಳ ಮ್ಯಾಲ ಬಂತು.
ಆವಾಗ ನಂಬಿದೆ.

ಈ ಸಲ ನನಗ ಯಾರೂ ಕರೀಲಿಲ್ಲ.
ಹೊಸ ಮಾಲಕರ ಹೆಸರು ಲಾರಿಯಾಗ ಬಂತು,
ಪ್ಲಾಸ್ಟಿಕ್ ಅಕ್ಷರ, ಹೊಟ್ಟಿಯೊಳಗ ದೀಪ.
ಹುಡುಗರಿಬ್ಬರು ಹನ್ನೆರಡು ಸ್ಕ್ರೂ ತಿರುವಿ ಹೋದರು.
ಹಳೇ ತಗಡು ಗ್ವಾಡಿಗೆ ಒರಗಿತ್ತು.
ಅದರ ಬಾಜೂಕ ಭೀಮಶಾ, ತೋಳಿಗೆ ಕರಿ ಪಟ್ಟಿ:
"ಪಾಷಾ, ನನ್ನ ಪೆನ್ಶನ್ ಇನ್ನ ಯಾವ ಬೋರ್ಡ್ ಕೊಡತದ?"
ನಾ ಬೋರ್ಡ್ ಬರಿಯಾಂವ. ನನಗೇನ ಗೊತ್ತು.

ತಗಡು ಗುಜರಿಗೆ ಹೋಗೂದಿತ್ತು, ಕೇಳಿ ತಂದೆ,
ಕೋಳಿ ಗೂಡಿಗೆ ಮುಚ್ಚಳ ಆದೀತು ಅಂತ.
ಉಪ್ಪುಕಾಗದ ಹಚ್ಚಿ ತಿಕ್ಕಿದೆ. ನೀಲಿ ಹೋತು, ಹಳದಿ ಹೋತು,
ನನ್ನ 'ಚ್ಛ' ಒಂದೀಟು ಹಟ ಮಾಡಿ ಹೋತು.
ಬರೇ ತಗಡು ಹತ್ತಬೇಕಾದಲ್ಲಿ
ಜ್ವಾಳದ ಕಾಳಿನಷ್ಟು ಕರಿ ಚುಕ್ಕಿ.

ಕೈ ಅಲ್ಲೇ ನಿಂತಿತು.
ಅಷ್ಟರಾಗ ಓಣಿ ತುಂಬ ಕತ್ತಲಾತು.
ಮಂಡಳಿ ಸತ್ತ ಎಷ್ಟೋ ವರ್ಷಕ್ಕ ಹುಟ್ಟಿದ ಪೋರಿ
ಬಾಗಲದಾಗ ನಿಂತು ಒದರಿತು:
"ಅವ್ವಾ, ಕೇಬಿ ಹೋತು!"